ಕಂಕುಳಡಿಯ ಮಗ್ಗಿ

ನನ್ನ ಬಲಗೈ ಹೊಡೆಯುವುದನ್ನು ಕಲಿತದ್ದು ಏಳರ ಮಗ್ಗಿಯಿಂದ. ಆಗ ನನಗೆ ಹನ್ನೊಂದು ವರ್ಷ, ತಮ್ಮ ಬಸುವಿಗೆ ಎಂಟು. ಡೊಂಬಿವಲಿಯ ಪೂರ್ವದಲ್ಲಿ, ಕಾರ್ಖಾನೆಗಳ ಬೆನ್ನಿಗೇ ಕಟ್ಟಿದ ಚಾಳಿನಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಬಾಗಿಲು ದಾಟಿದರೆ ಎಡಕ್ಕೆ ಮೋರಿ. ಪಾತ್ರೆ ತೊಳೆಯುವುದು, ಮೈ ತೊಳೆಯುವುದು ಎಲ್ಲ ಅಲ್ಲಿಯೇ. ಅದರ ಪಕ್ಕ ನೀರಿನ ನೀಲಿ ಡ್ರಮ್ಮು. ಅಪ್ಪ ಕಾರ್ಖಾನೆಯಿಂದ ತಂದದ್ದು, ಎಷ್ಟು ತಿಕ್ಕಿದರೂ ಬಣ್ಣದ ಪುಡಿಯ ವಾಸನೆ ಬಿಡದ್ದು. ಬಲಕ್ಕೆ ಅವ್ವನ ಪಂಪ್ ಸ್ಟೋವು, ರೊಟ್ಟಿ ಬಡಿಯುವ ಹಲಗೆ. ನಡುವೆ ಉಳಿದ ಜಾಗದಲ್ಲಿ ಅವ್ವ ಹೊಲಿದ ಕೌದಿ ಹಾಸಿರುತ್ತಿತ್ತು. ಕೂರುವುದು, ಉಣ್ಣುವುದು, ಮಲಗುವುದು, ಪೆಟ್ಟು ತಿನ್ನುವುದು ಎಲ್ಲ ಅದರ ಮೇಲೆಯೇ. ಬೇರೆಯವರು ಬಾಲ್ಯದ ಮನೆಯೆಂದರೆ ಅಂಗಳವನ್ನೋ ಜೋಕಾಲಿಯನ್ನೋ ನೆನೆಯುತ್ತಾರೆ. ನನಗೆ ನೆನಪಾಗುವುದು ಗೋಡೆಯ ಮೊಳೆಗೆ ನೇತುಹಾಕಿದ್ದ ಹಳದಿ ಪಟ್ಟಿ. ಕಾರ್ಖಾನೆಯಲ್ಲಿ ಪೆಟ್ಟಿಗೆಗಳನ್ನು ಬಿಗಿಯಲು ಬಳಸುವ ಪ್ಲಾಸ್ಟಿಕ್ ಪಟ್ಟಿ ಅದು. ಮಡಚಿ ಹೊಡೆದರೆ ಮೈಮೇಲೆ ಜೋಡಿ ಗೆರೆ ಏಳುತ್ತಿದ್ದವು.

ಅಪ್ಪ ವಿಜಯಪುರದ ಕಡೆಯವನು. ಬಣ್ಣದ ಕಾರ್ಖಾನೆಯಲ್ಲಿ ಡ್ರಮ್ಮು ಎತ್ತುವ ಕೆಲಸ. ಓದಿದ್ದು ಏಳನೆಯ ತರಗತಿ. ಇಪ್ಪತ್ತರ ತನಕ ಮಗ್ಗಿ ಬಾಯಿಗೆ ಬರುತ್ತದೆ ಎಂಬುದೊಂದೇ ಅವನ ದೊಡ್ಡಸ್ತಿಕೆ. ಅವನಿಗಿಂತ ಚಿಕ್ಕವರು ಕಾರ್ಖಾನೆಯಲ್ಲಿ ಕುರ್ಚಿಯ ಮೇಲೆ ಕೂತು ಅವನನ್ನು ಏಕವಚನದಲ್ಲಿ ಕೂಗುತ್ತಿದ್ದರಂತೆ. ಅವರಿಗೆ ಹದಿಮೂರರ ಮಗ್ಗಿ ಕೂಡ ಬಾರದು ಎಂದು ಅಪ್ಪ ವಾರಕ್ಕೆ ನಾಲ್ಕು ಸಲ ಅವ್ವನಿಗೆ ಹೇಳುತ್ತಿದ್ದ. ಅವ್ವ ಹೂಂಗುಟ್ಟುತ್ತಿದ್ದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಆದ್ದರಿಂದ ಲೆಕ್ಕವೂ ಬಾರದು ಎಂದೇ ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು, ನಾನೂ ಸೇರಿ.

ಸಂಜೆ ಏಳಕ್ಕೆ ಮಗ್ಗಿ. ಅಪ್ಪ ಕೈಕಾಲು ತೊಳೆದು ಗೋಡೆಗೊರಗಿ ಕೂರುತ್ತಿದ್ದ. ನಾನು, ಬಸು ಎದುರಿಗೆ ಕೈ ಕಟ್ಟಿ ನಿಲ್ಲಬೇಕು. ಬೆರಳು ಎಣಿಸುವುದು ಕಳ್ಳತನ, ಅದಕ್ಕೇ ಕೈ ಕಟ್ಟಿಸುವುದು. ಮಗ್ಗಿಯನ್ನು ಮೊದಲಿನಿಂದ ಹಾಡಿಕೊಂಡು ಹೋದರೆ ಅವನಿಗೆ ಸಾಲದು, ಅಡ್ಡಡ್ಡ ಕೇಳುತ್ತಿದ್ದ. ಏಳ ಎಂಟ್ಲೆ? ಒಂಬತ್ತ ಆರ್ಲೆ? ಅವನ ಊರಿನ ಶಾಲೆಯಲ್ಲಿ ಮಾಸ್ತರರು ಮಾಡುತ್ತಿದ್ದ ಒಂದು ರಿವಾಜನ್ನು ಅಪ್ಪ ಹಾಸಿಗೆ ಪಾತ್ರೆಗಳ ಜೊತೆ ಗಂಟು ಕಟ್ಟಿಕೊಂಡು ಇಲ್ಲಿಯ ತನಕ ತಂದಿದ್ದ. ಸರಿ ಹೇಳಿದವರು ತಪ್ಪು ಹೇಳಿದವರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕಪಾಳಕ್ಕೆ ಹೊಡೆಯಬೇಕು. ಮೂಗು ಹಿಡಿಯುವುದು ಮುಖ ಅತ್ತಿತ್ತ ತಿರುಗದಿರಲೆಂದು. ಮೊದಲ ದಿನ ನಾನು ಬಸುವಿನ ಕೆನ್ನೆಗೆ ಸುಮ್ಮನೆ ಕೈ ಮುಟ್ಟಿಸಿದೆ. ಅಪ್ಪ ಎದ್ದು ಬಂದು ನನ್ನ ಮೂಗು ಹಿಡಿದ.

"ಹಿಂಗ ಅಲ್ಲ. ಹೊಡಿಯೂದು ಅಂದ್ರ ಹಿಂಗ."

ಕಣ್ಣಿಗೆ ಕತ್ತಲು ಕಟ್ಟಿ ನಾನು ಡ್ರಮ್ಮಿಗೆ ಹೋಗಿ ಬಡಿದೆ. ಎರಡನೆಯ ದಿನದಿಂದ ಸರಿಯಾಗಿ ಹೊಡೆದೆ. ಅಂಗೈ ಚಪ್ಪಟೆಯಾಗಿರಬೇಕು, ಬೆರಳು ಕೂಡಿರಬೇಕು, ತೋಳು ಭುಜದಿಂದ ಬೀಸಬೇಕು ಎಂಬುದೆಲ್ಲ ಒಂದು ತಿಂಗಳಲ್ಲಿ ಬಂತು. ಆ ಹೊತ್ತಿಗೇ ಅವ್ವ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸದ್ದು, ಕಪಾಳದ ಸದ್ದು ಒಂದಾದ ಮೇಲೊಂದು ಬರುತ್ತಿದ್ದವು. ಚಾಳಿನ ಉಳಿದವರು ಏಳು ಹೊಡೆದ ಕೂಡಲೇ ಟಿವಿಯ ದನಿ ಏರಿಸುತ್ತಿದ್ದರು. ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಉಡುಪಿ ಕಡೆಯ ಶಾರದಕ್ಕ ಎಲ್ಲರಿಗಿಂತ ಜೋರಾಗಿ ಏರಿಸುತ್ತಿದ್ದಳು. ಕೇಳಿಸಬಾರದೆಂದು ಏರಿಸಿದ್ದೆ ಎಂದು ಬಹಳ ವರ್ಷಗಳ ನಂತರ ಅವಳೇ ನನಗೆ ಹೇಳಿದಳು.

ಬಸು ದಡ್ಡನಲ್ಲ. ಐದರ ತನಕದ ಮಗ್ಗಿ ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಆರರ ಮೇಲೆ ಹೋದರೆ ಸಿಕ್ಕಿಬೀಳುತ್ತಿದ್ದ. ಹಗಲು ಮರಾಠಿ ಶಾಲೆಯಲ್ಲಿ 'ಸಾತ್ ಸಕ್ಕಂ ಬೇಚಾಳೀಸ' ಎಂದು ಹಾಡಬೇಕು, ಸಂಜೆ ಮನೆಯಲ್ಲಿ 'ಏಳ ಆರ್ಲೆ ನಲವತ್ತೆರಡ' ಎನ್ನಬೇಕು. ಹೆದರಿಕೆಯಲ್ಲಿ ಉತ್ತರ ಮರಾಠಿಯಲ್ಲಿ ಬಂದರೆ ಅಪ್ಪನ ಲೆಕ್ಕದಲ್ಲಿ ಅದೂ ತಪ್ಪೇ. ಅಪ್ಪ ಕೇಳುತ್ತಿದ್ದ ಹಾಗೇ ಬಸುವಿನ ಕಣ್ಣು ಅಪ್ಪನ ಬಾಯಿ ಬಿಟ್ಟು ನನ್ನ ಕೈಗೆ ಹೊರಳುತ್ತಿತ್ತು. ಎಷ್ಟೋ ಸಲ ಚಡ್ಡಿ ಒದ್ದೆಯಾಗುತ್ತಿತ್ತು, ಅದಕ್ಕೆ ಪಟ್ಟಿಯಿಂದ ಬೇರೆ ಪೆಟ್ಟು. ನಾನು ಏನು ಮಾಡುತ್ತಿದ್ದೆ ಎಂದರೆ, ಅವನು ಬೇಗ ಕಲಿಯಲಿ ಎಂದು ಇನ್ನೂ ಜೋರಾಗಿ ಹೊಡೆಯುತ್ತಿದ್ದೆ. ಆಗ ಹಾಗೇ ನಂಬಿದ್ದೆ. ಈಗ ಅನಿಸುತ್ತದೆ, ಅವನು ಕಲಿಯದಿರುವಷ್ಟು ದಿನ ಪೆಟ್ಟು ತಿನ್ನುವವಳು ನಾನಲ್ಲ ಎಂಬುದು ಆ ನಂಬಿಕೆಯ ಅಡಿಯಲ್ಲಿ ಕೂತಿತ್ತು.

ಮಳೆಗಾಲದ ಪರೀಕ್ಷೆಯಲ್ಲಿ ಬಸು ಗಣಿತದಲ್ಲಿ ಬಿದ್ದ. ಶಾಲೆಯಿಂದ ಚೀಟಿ ಬಂತು. ಅಪ್ಪ ಅದನ್ನು ನನ್ನಿಂದ ಎರಡು ಸಲ ಓದಿಸಿ, ಮಡಚಿ ಜೇಬಿಗಿಟ್ಟುಕೊಂಡು ಅವ್ವನ ಕಡೆ ನೋಡಿದ.

"ದಸರಾದ ತನಕ ನೋಡ್ತೀನಿ. ಹತ್ತರ ತನಕ ಅಡ್ಡಡ್ಡ ಹೇಳಾಕ ಬರಲಿಲ್ಲಂದ್ರ ಇವನ್ನ ಊರಿಗೆ ಅಣ್ಣನ ಕಡೆ ಒಗದ ಬರ್ತೀನಿ. ಎಮ್ಮಿ ಕಾಯಲಿ. ಎಮ್ಮಿ ಮಗ್ಗಿ ಕೇಳಂಗಿಲ್ಲ."

ದೊಡ್ಡಪ್ಪನ ಮನೆ ಎಂಥದೆಂದು ನಮಗೆ ಗೊತ್ತಿತ್ತು. ಅಪ್ಪನಿಗೆ ಹೊಡೆಯುವುದನ್ನು ಕಲಿಸಿದ ಮನೆಯೇ ಅದು. ಅವ್ವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ದಸರಾಕ್ಕೆ ಎರಡು ತಿಂಗಳಿತ್ತು. ಆ ದಿನದಿಂದ ಮಗ್ಗಿಯ ಹೊತ್ತು ಅರ್ಧ ತಾಸಿನಿಂದ ಒಂದು ತಾಸಾಯಿತು, ನನ್ನ ಕೈಗೂ ಇಮ್ಮಡಿ ಕೆಲಸ ಬಂತು. ಗಣಪತಿಯನ್ನು ಚಾಳಿನಲ್ಲಿ ಕೂರಿಸಿದ ದಿನ ಹೊರಗೆ ಆರತಿ ನಡೆದಿತ್ತು. ತಾಳ, ಜಾಗಟೆಯ ಗದ್ದಲದಲ್ಲಿ ಅಪ್ಪ ಗಂಟಲು ಏರಿಸಿ 'ಎಂಟ ಏಳ್ಲೆ' ಎಂದು ಕೇಳಿದ. ಬಸು ಆರತಿಯ ಕಡೆ ನೋಡುತ್ತಿದ್ದ. ನಾನು ಐವತ್ತಾರು ಎಂದೆ, ಮೂಗು ಹಿಡಿದೆ, ಬೀಸಿದೆ. ಅವನು ಮುಖ ಸ್ವಲ್ಪ ತಿರುಗಿಸಿದ್ದರಿಂದ ನನ್ನ ಅಂಗೈ ಕೆನ್ನೆಗೆ ಬೀಳದೆ ಎಡಗಿವಿಯನ್ನು ಪೂರ್ತಿ ಮುಚ್ಚಿತು. ಅವನು ಅಳಲಿಲ್ಲ. ಕಿವಿಯ ಮೇಲೆ ಕೈಯಿಟ್ಟುಕೊಂಡು ಆಶ್ಚರ್ಯದಿಂದ ನನ್ನನ್ನು ನೋಡಿದ. ಬೆಳಿಗ್ಗೆ ಕೌದಿಯ ಮೇಲೆ ರಕ್ತದ ಕಲೆಯಿತ್ತು. ಕಿವಿಯ ಪರದೆ ಹರಿದಿದೆ ಎಂದು ಡಾಕ್ಟರು ಹೇಳಿದರು. ಹೇಗಾಯಿತು ಎಂದು ಕೇಳಿದ್ದಕ್ಕೆ ಅವ್ವ, ಆಡುವಾಗ ಬಿದ್ದ ಎಂದಳು. ಆಮೇಲೆ ಹೊರಗೆ ಬಂದು ರಿಕ್ಷಾ ನಿಲ್ದಾಣದ ಹತ್ತಿರ ನಿಂತು ನನ್ನ ಬಲಗೈ ಹಿಡಿದು, ಅಂಗೈ ಮೇಲೆ ಮಾಡಿ ಬಹಳ ಹೊತ್ತು ನೋಡಿದಳು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಮಧ್ಯಾಹ್ನ ಅಪ್ಪ ಕಾರ್ಖಾನೆಯಲ್ಲಿದ್ದಾಗ ಅವ್ವ ಬಾಗಿಲಿಗೆ ಚಿಲಕ ಹಾಕಿ ನಮ್ಮಿಬ್ಬರನ್ನೂ ಕೌದಿಯ ಮೇಲೆ ಕೂರಿಸಿಕೊಂಡಳು. ಅವಳ ಅಪ್ಪ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದವನು. ಅಲ್ಲಿ ಮಾತಾಡಿ ವ್ಯಾಪಾರ ಮಾಡುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯದು. ಓದು ಬಾರದ ಆ ತಾತ ತನ್ನ ಮಗಳಿಗೆ ಬೆರಳಿನಲ್ಲೇ ಗುಣಾಕಾರ ಹೇಳಿಕೊಟ್ಟಿದ್ದ. ಮದುವೆಯಾಗಿ ಬಂದ ಹೊಸತರಲ್ಲಿ ಅವ್ವ ಒಮ್ಮೆ ಅದನ್ನು ಅಪ್ಪನಿಗೆ ತೋರಿಸಿದ್ದಳಂತೆ. ಅವನು ನಕ್ಕು, ದಲಾಲರ ಮಗಳು ಎಂದು ಹಂಗಿಸಿದ್ದ. ಅಂದು ಮಡಚಿಟ್ಟ ಬೆರಳುಗಳನ್ನು ಅವಳು ನಮ್ಮೆದುರು ಬಿಚ್ಚಿದಳು.

"ಐದರ ತನಕ ನಿನಗ ಬರ್ತದ ಹೌದಿಲ್ಲೊ? ಅಷ್ಟ ಸಾಕ. ಏಳು ಅಂದ್ರ ಐದರ ಮ್ಯಾಲ ಎರಡು, ಈ ಕೈಯಾಗ ಎರಡು ಬೆರಳ ನಿಲ್ಲಸು. ಎಂಟು ಅಂದ್ರ ಮೂರು, ಆ ಕೈಯಾಗ ಮೂರ ನಿಲ್ಲಸು. ನಿಂತಾವೆಲ್ಲ ಹತ್ತು ಹತ್ತು. ಎಷ್ಟ ನಿಂತಾವ?"

ಐದು, ಎಂದ ಬಸು. ಹಾಗಾದರೆ ಐವತ್ತು.

"ಇನ್ನ ಮಡಚಿದ್ದು ನೋಡು. ಇಲ್ಲಿ ಮೂರು, ಅಲ್ಲಿ ಎರಡು. ಮೂರ ಎರಡ್ಲೆ?"

ಆರು, ಎಂದ. ಐವತ್ತರ ಮೇಲೆ ಆರು. ಬಸು ತನ್ನ ಎರಡೂ ಕೈಗಳನ್ನು ಮುಖದ ಹತ್ತಿರ ತಂದು ನೋಡಿಕೊಂಡ. ಉತ್ತರ ಇಷ್ಟು ದಿನ ಅವನ ಕೈಯಲ್ಲೇ ಇತ್ತು. ಆರ ಏಳ್ಲೆ ಮಾಡಿದ: ನಿಂತವು ಮೂರು, ಮಡಚಿದವು ನಾಲ್ಕು ಮತ್ತು ಮೂರು, ಮೂವತ್ತು, ಹನ್ನೆರಡು, ನಲವತ್ತೆರಡು. ಒಂಬತ್ತ ಎಂಟ್ಲೆ ಮಾಡಿದ. ಕಿವಿಗೆ ಹತ್ತಿ ಇಟ್ಟುಕೊಂಡೇ ಕುಣಿದ. ನನಗೆ ಮಗ್ಗಿ ಬರುತ್ತಿತ್ತು, ಆದರೆ ಇಂಥದು ಬರುತ್ತಿರಲಿಲ್ಲ. ಆ ಮಧ್ಯಾಹ್ನದ ತನಕ ಎಂಟ ಏಳ್ಲೆ ಐವತ್ತಾರು ಯಾಕೆ ಆಗಬೇಕು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಹತ್ತರ ಮೇಲಿನ ಲೆಕ್ಕಕ್ಕೆ ಅವ್ವನ ಹತ್ತಿರ ಕೌದಿಯಿತ್ತು. ಅಪ್ಪನ ಹಳೆಯ ಯೂನಿಫಾರ್ಮು, ನನ್ನ ಲಂಗ, ಅವಳ ಹರಿದ ಸೀರೆ, ಎಲ್ಲ ಒಂದೇ ಅಳತೆಯ ಚೌಕ ಕತ್ತರಿಸಿ ಹೊಲಿದದ್ದು. ಅಡ್ಡಕ್ಕೆ ಹದಿನೇಳು ಚೌಕ, ಉದ್ದಕ್ಕೆ ಹದಿಮೂರು ಸಾಲು. ಪ್ರತಿ ಸಾಲಿನಲ್ಲಿ ಹತ್ತನೆಯ ಚೌಕ ಮಾತ್ರ ಅಪ್ಪನ ಯೂನಿಫಾರ್ಮಿನ ನೀಲಿ. ಅದು ಚೆಂದಕ್ಕೆ ಹಾಕಿದ್ದು ಎಂದೇ ನಾವು ತಿಳಿದಿದ್ದೆವು. ಅವ್ವ ಕೌದಿಯನ್ನು ಆ ನೀಲಿ ಸಾಲಿಗೆ ಸರಿಯಾಗಿ ಮಡಚಿದಳು. ಈ ಕಡೆ ಸಾಲಿಗೆ ಹತ್ತು ಚೌಕದ ತುಂಡು, ಆ ಕಡೆ ಉಳಿದ ಏಳರದು. ಎರಡನ್ನೂ ಬೇರೆ ಬೇರೆ ಎಣಿಸಿ ಕೂಡಿಸಿದರೆ ಮುಗಿಯಿತು. ಹದಿನೇಳರ ಮಗ್ಗಿ ಬಾಯಿಪಾಠ ಇಲ್ಲದೆಯೂ ಅದರ ಉತ್ತರ ಸಿಗುತ್ತದೆ ಎಂದು ಅಂದು ನೋಡಿದೆ.

ಸಂಜೆಯ ಕೈಕಟ್ಟಿಗೂ ಬಸು ಉಪಾಯ ಕಂಡುಕೊಂಡ. ಕೈ ಕಟ್ಟಿದಾಗ ಬೆರಳುಗಳು ಕಂಕುಳಡಿಗೆ ಹೋಗುತ್ತವಲ್ಲ, ಅಲ್ಲಿಯೇ ಪಕ್ಕೆಲುಬಿನ ಮೇಲೆ ಒತ್ತುತ್ತಿದ್ದ. ಎಡಗಡೆ ಎರಡು, ಬಲಗಡೆ ಮೂರು. ಹೊರಗಿನಿಂದ ನೋಡಿದರೆ ಮಾಸ್ತರರ ಎದುರು ನಿಂತ ಒಳ್ಳೆಯ ಹುಡುಗ. ಒಂದು ವಾರ ಕಳೆಯುವುದರಲ್ಲಿ ಅವನು ಹತ್ತರಲ್ಲಿ ಎಂಟು ಸರಿ ಹೇಳಿದ, ಎರಡನೆಯ ವಾರ ಹತ್ತಕ್ಕೆ ಹತ್ತು. ಅಪ್ಪ ತೊಡೆ ತಟ್ಟಿಕೊಂಡು ನಕ್ಕ. ಜಿಲೇಬಿ ತಂದು ಮೊದಲನೆಯದನ್ನು ಬಸುವಿನ ಬಾಯಿಗೆ ತಾನೇ ಇಟ್ಟ. ಪೆಟ್ಟು ಕೊಟ್ಟಿದ್ದಕ್ಕೆ ಬಂತು ನೋಡು ಎಂದು ಅವ್ವನಿಗೆ ಹೇಳಿದ. ಅವ್ವ ತಲೆ ತಗ್ಗಿಸಿ ರೊಟ್ಟಿ ತಿರುವಿ ಹಾಕಿದಳು. ಇನ್ನೊಂದು ಮಾತನ್ನು ನಾಚಿಕೆಯಿಂದಲೇ ಹೇಳಬೇಕು. ಬಸು ಸರಿ ಹೇಳತೊಡಗಿದ ಮೇಲೆ ನನಗೆ ಸಂತೋಷವೂ ಆಯಿತು, ಏನೋ ಕಳೆದುಕೊಂಡ ಹಾಗೂ ಆಯಿತು. ಸಂಜೆ ಏಳು ಹೊಡೆದರೆ ನನ್ನ ಅಂಗೈ ಬಿಸಿಯಾಗುತ್ತಿತ್ತು. ಅದಕ್ಕೆ ಹೊಡೆಯುವುದು ಬೇಕಾಗಿತ್ತು.

ದಸರಾಕ್ಕೆ ನಾಲ್ಕು ದಿನ ಉಳಿದಿತ್ತು. ಅಂದು ಶುಕ್ರವಾರ, ಅಪ್ಪನ ವಾರದ ರಜೆ. ಸೆಕೆಗೆ ಬಸು ಅಂಗಿ ತೆಗೆದು ಮೈಗೆ ಅಂಟಿದ ಬನಿಯನ್ನಿನಲ್ಲಿ ನಿಂತಿದ್ದ. ಕಂಕುಳಡಿಯಲ್ಲಿ ಬನಿಯನ್ನು ಅಲ್ಲಾಡುವುದು ಅಪ್ಪನಿಗೆ ಕಂಡಿತು. ಎದ್ದು ಬಂದು ಎರಡೂ ಕೈಗಳನ್ನು ಹೊರಗೆಳೆದ. ಬಸು ಆಗ ಒಂದು ತಪ್ಪು ಮಾಡಿದ. ಎರಡು ವಾರದಿಂದ ನಗುತ್ತಿದ್ದ ಅಪ್ಪ ಇದನ್ನು ನೋಡಿದರೆ ಇನ್ನೂ ಖುಷಿಪಡುತ್ತಾನೆ ಎಂದುಕೊಂಡು, ಬೆರಳು ಎತ್ತಿ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದ. ನಿಂತವು ಹತ್ತು ಹತ್ತು, ಮಡಚಿದ್ದನ್ನು ಗುಣಿಸು, ಕೂಡಿಸು. ಕೊನೆಗೆ, ಅವ್ವ ಕಲಿಸಿದಳು ಎಂದ.

ಅಪ್ಪ ಮೊಳೆಯಿಂದ ಪಟ್ಟಿ ತೆಗೆದ. ಬಸುವಿನ ಕೈಗಳನ್ನು ರೊಟ್ಟಿಯ ಹಲಗೆಯ ಮೇಲೆ ಇಡಿಸಿದ. ಅವ್ವ ಅಡ್ಡ ಬಂದಾಗ ಮೊಣಕೈಯಿಂದ ಅವಳ ಎದೆಗೆ ಗುದ್ದಿದ, ಅವಳು ಸ್ಟೋವಿನ ಪಕ್ಕ ಕುಸಿದಳು. ಆಮೇಲೆ ಒಂದೊಂದೇ ಬೆರಳಿಗೆ ಒಂದೊಂದು ಪೆಟ್ಟು, ಹತ್ತು ಬೆರಳಿಗೆ ಹತ್ತು. ಹೊಡೆಯುತ್ತಾ ಎಣಿಸುತ್ತಿದ್ದ. ಆರನೆಯದಕ್ಕೆ ಚರ್ಮ ಬಿಟ್ಟಿತು. ಹಲಗೆಯ ಮೇಲಿನ ಜೋಳದ ಹಿಟ್ಟು ಅಲ್ಲಲ್ಲಿ ಕೆಂಪಾಯಿತು. ಪಕ್ಕದ ಮನೆಗಳಲ್ಲಿ ಟಿವಿಯ ದನಿ ಏರಿತು. ಹತ್ತು ಮುಗಿದ ಮೇಲೆ ಅಪ್ಪ ಅದೇ ಪಟ್ಟಿಯಿಂದ ಬಸುವಿನ ಕೈಗಳನ್ನು ಹಿಂದಕ್ಕೆ ಕಟ್ಟಿ ನಿಲ್ಲಿಸಿದ.

"ಈಗ ಹೇಳು. ಎಂಟ ಏಳ್ಲೆ?"

ಬಸುವಿಗೆ ಉಸಿರು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅಪ್ಪ ನನ್ನ ಕಡೆ ತಿರುಗಿದ. ಅದೇ ಪ್ರಶ್ನೆ, ಅದೇ ಎಡಗಿವಿ. ಹತ್ತಿ ಇನ್ನೂ ಅದರಲ್ಲಿತ್ತು. ನನಗೆ ಉತ್ತರ ಗೊತ್ತಿತ್ತು. ಐವತ್ತನಾಲ್ಕು ಎಂದೆ. ಅಪ್ಪ ಹುಬ್ಬು ಗಂಟಿಕ್ಕಿದ. ಇನ್ನೊಮ್ಮೆ ಕೇಳಿದ, ಇನ್ನೊಮ್ಮೆ ಐವತ್ತನಾಲ್ಕು ಎಂದೆ. ನಾನು ಬೇಕೆಂದೇ ಹೇಳುತ್ತಿದ್ದೇನೆ ಎಂದು ಅವನಿಗೆ ತಿಳಿಯದೆ ಇರಲಿಲ್ಲ. ಆದರೆ ರಿವಾಜು ರಿವಾಜು. ಅವನು ಬಸುವಿನ ಗದ್ದ ಹಿಡಿದೆತ್ತಿ, ನೀನು ಸರಿ ಹೇಳಿದರೆ ಇವಳ ಕಪಾಳ ನಿನ್ನದು ಎಂದ. ಬಸುವಿನ ಕಣ್ಣು ನನ್ನ ಹಿಂದೆ ಹೋಯಿತು. ಅಲ್ಲಿ ನೆಲದ ಮೇಲೆ ಕೂತಿದ್ದ ಅವ್ವ, ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಎದೆಯ ಹತ್ತಿರ ಹಿಡಿದಿದ್ದಳು. ಒಂದರಲ್ಲಿ ಮೂರು ನಿಂತಿದ್ದವು, ಇನ್ನೊಂದರಲ್ಲಿ ಎರಡು.

ಐವತ್ತಾರು, ಎಂದ ಬಸು.

ಅಪ್ಪ ಪಟ್ಟಿ ಬಿಚ್ಚಿದ. ಬಸು ಬಂದು ಊದಿದ ಬೆರಳುಗಳಿಂದ ನನ್ನ ಮೂಗು ಹಿಡಿದ. ಅವನು ಮೆಲ್ಲಗೆ ಮುಟ್ಟುತ್ತಾನೆ ಎಂದುಕೊಂಡಿದ್ದೆ. ಅವನಿಗಾಗಿ ತಾನೇ ನಾನು ತಪ್ಪು ಹೇಳಿದ್ದು. ಅವನು ಭುಜದಿಂದ ಬೀಸಿದ. ಬೆರಳು ಕೂಡಿಸಿ, ಅಂಗೈ ಚಪ್ಪಟೆ ಮಾಡಿ, ನಾನು ಹೊಡೆಯುತ್ತಿದ್ದ ಹಾಗೆಯೇ. ನನ್ನ ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಒಂದೇ ಹೊಡೆಯಬೇಕೆಂಬುದು ನಿಯಮ. ಅವನು ಎರಡನೆಯದನ್ನು ಹೊಡೆದ, ಮೂರನೆಯದನ್ನೂ ಹೊಡೆದ. ಒಡೆದ ಬೆರಳುಗಳಿಂದ ಅವನ ರಕ್ತವೇ ನನ್ನ ಕೆನ್ನೆಗೆ ಹತ್ತಿತು. ಅವನ ಮುಖದಲ್ಲಿ ಅಳು ಇರಲಿಲ್ಲ, ಸುಖವಿತ್ತು. ಅಪ್ಪ ಜೋರಾಗಿ ನಕ್ಕು ಅವನ ಬೆನ್ನು ತಟ್ಟಿದ.

"ಈಗ ನನ್ನ ಮಗಾ ಆದಿ."

ಅವ್ವ ಸ್ಟೋವು ಆರಿಸಿದ್ದು ಆಗ. ಮಗ ಪೆಟ್ಟು ತಿನ್ನುವುದನ್ನು ಅವಳು ವರ್ಷಗಟ್ಟಲೆ ಸಹಿಸಿದ್ದಳು. ಅದಕ್ಕೆ ನಾನು ಅವಳನ್ನು ಇಂದಿಗೂ ಪೂರ್ತಿ ಕ್ಷಮಿಸಿಲ್ಲ. ಮಗ ಹೊಡೆಯುವುದರಲ್ಲಿ ರುಚಿ ಕಂಡದ್ದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಂದು ನಮ್ಮ ಸಾಲಿನಲ್ಲಿ, ಕೈ ಕಟ್ಟಿ, ಅಪ್ಪನ ಎದುರು ನಿಂತಳು.

"ನನ್ನೂ ಕೇಳ್ರಿ."

ಅಪ್ಪ ನಗುತ್ತಲೇ ಹದಿಮೂರ ಏಳ್ಲೆ ಕೇಳಿದ. ಅವಳು ಕೌದಿಯ ಕಡೆ ಒಮ್ಮೆ ನೋಡಿ ತೊಂಬತ್ತೊಂದು ಎಂದಳು. ಅವನ ನಗು ಸ್ವಲ್ಪ ಇಳಿಯಿತು.

"ಇನ್ನ ನಾ ಕೇಳ್ತೀನಿ. ಹದಿನೇಳ ಹದಿಮೂರ್ಲೆ?"

ಅಪ್ಪ ಬಾಯಿ ತೆರೆದ. ಹದಿನೇಳ ಒಂದ್ಲೆಯಿಂದ ಶುರು ಮಾಡಿ ಗಡಗಡ ಓಡಿದ. ಹದಿನೇಳ ಹತ್ತ್ಲೆ ನೂರಾ ಎಪ್ಪತ್ತಕ್ಕೆ ಬಂದು ನಿಂತ. ಮಗ್ಗಿ ಹತ್ತಕ್ಕೆ ಮುಗಿಯುತ್ತದೆ. ಅದರ ಮುಂದೆ ಅವನ ಮಾಸ್ತರರು ಏನೂ ಕಲಿಸಿರಲಿಲ್ಲ. ಅವನ ಕಣ್ಣು ಹುಡುಕಾಡಿದ್ದನ್ನು ನೋಡಿದೆ. ಬಸುವಿನ ಕಣ್ಣೂ ಹೀಗೇ ಹುಡುಕಾಡುತ್ತಿತ್ತು. ಇನ್ನೂರಾ ಇಪ್ಪತ್ತೊಂದು, ಎಂದಳು ಅವ್ವ. ನೀವು ದಿನಾ ಮಲಗುವ ಕೌದಿಯಲ್ಲೇ ಇದೆ, ನಂಬಿಕೆ ಇಲ್ಲದಿದ್ದರೆ ಎಣಿಸಿಕೊಳ್ಳಿ ಎಂದಳು. ಅಪ್ಪ ನಿಜವಾಗಿಯೂ ಎಣಿಸತೊಡಗಿದ. ಕಾಲ ಬೆರಳಿನಿಂದ ಒಂದೊಂದು ಚೌಕ ಮುಟ್ಟುತ್ತಾ ಎರಡು ಸಾಲು ಎಣಿಸಿ ಬಿಟ್ಟ. ಅವ್ವ ಕಾಯುತ್ತಾ ನಿಂತಿದ್ದಳು. ಆಮೇಲೆ ಎಡಗೈಯಿಂದ ಅವನ ಮೂಗು ಹಿಡಿದಳು, ಬಲಗೈಯಿಂದ ಕಪಾಳಕ್ಕೆ ಹೊಡೆದಳು. ಒಂದೇ ಹೊಡೆದಳು, ನಿಯಮದ ಪ್ರಕಾರ. ಅಪ್ಪನ ಕಪ್ಪು ಕೆನ್ನೆಯ ಮೇಲೆ ಜೋಳದ ಹಿಟ್ಟಿನ ಐದು ಬೆರಳು ಬಿಳಿಯಾಗಿ ಮೂಡಿದವು.

ಮೊದಲು ಅಲ್ಲಾಡಿದವನು ಅಪ್ಪ. ಹೊಡೆದ ಕೈಯನ್ನೇ ಹಿಡಿದು, ಕೊನೆಯ ಎರಡು ಬೆರಳುಗಳನ್ನು ಮುಷ್ಟಿಯಲ್ಲಿ ತೆಗೆದುಕೊಂಡು ಹಿಂದಕ್ಕೆ ಬಗ್ಗಿಸಿದ. ಮುರಿದ ಸದ್ದು ಬಳೆ ಒಡೆದಷ್ಟೇ ಸಣ್ಣದು. ಬಸು ಅವನ ತೊಡೆಗೆ ಜೋತುಬಿದ್ದು ಹಲ್ಲಿನಿಂದ ಕಚ್ಚಿದ. ಅಪ್ಪ ಅವನನ್ನು ಮೋರಿಗೆ ಒದ್ದ. ನಾನು ಮಾತ್ರ ಏನೂ ಮಾಡಲಿಲ್ಲ. ಹೊಡೆಯಲು ಅಷ್ಟು ಚೆನ್ನಾಗಿ ಕಲಿತಿದ್ದ ಕೈ ನನ್ನ ಪಕ್ಕಕ್ಕೆ ಜೋತಾಡುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಟಿವಿ ನಿಂತಿತು. ಶಾರದಕ್ಕ ಬಾಗಿಲು ನೂಕಿ ಒಳಗೆ ಬಂದಳು. ಅಪ್ಪನ ಕಡೆ ನೋಡಲಿಲ್ಲ. ಅವ್ವನ ಕೈ ನೋಡಿದಳು.

"ಏಳಿ, ಆಸ್ಪತ್ರೆಗೆ ಹೋಗುವ. ಇಷ್ಟು ದಿನ ನಾನು ಬಾರದ್ದೇ ತಪ್ಪು."

ಅವಳ ಹಿಂದೆ ಚಾಳಿನ ಅರ್ಧ ಜನ ನಿಂತಿದ್ದರು. ಅಪ್ಪ ಕೆನ್ನೆಯ ಹಿಟ್ಟು ಒರೆಸಿಕೊಳ್ಳದೆಯೇ ಅವರ ನಡುವೆ ಹಾದು ಹೊರಗೆ ಹೋದ. ಎರಡು ದಿನ ಬಿಟ್ಟು ಬಂದ. ಬಂದವನು ಮಾತಾಡದೆ ಉಂಡ, ಮಲಗಿದ. ದಸರಾ ಬಂತು, ಹೋಯಿತು. ಬಸುವನ್ನು ಊರಿಗೆ ಕಳಿಸುವ ಮಾತು ಬರಲಿಲ್ಲ. ಸಂಜೆ ಏಳಕ್ಕೆ ನಾವು ಅಭ್ಯಾಸಬಲದಿಂದ ಎದ್ದು ನಿಂತರೆ ಅಪ್ಪ ಗೋಡೆಯ ಕಡೆ ಮುಖ ಮಾಡಿ ಬೀಡಿ ಹಚ್ಚುತ್ತಿದ್ದ. ಅವನು ಪಶ್ಚಾತ್ತಾಪಪಟ್ಟ ಎಂದು ನಾನು ಬರೆಯುವುದಿಲ್ಲ, ಯಾಕೆಂದರೆ ಅಂಥದೇನನ್ನೂ ನಾನು ನೋಡಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು. ಪ್ರಶ್ನೆ ಕೇಳಿದರೆ ತಿರುಗಿ ಪ್ರಶ್ನೆ ಬರಬಹುದು ಎಂದು ಆ ಮನೆಯಲ್ಲಿ ಈಗ ಎಲ್ಲರಿಗೂ ಗೊತ್ತಾಗಿತ್ತು. ಅವ್ವ ಹತ್ತನೆಯ ದಿನಕ್ಕೆ ಪ್ಲಾಸ್ಟರನ್ನು ತಾನೇ ಬಿಚ್ಚಿ ರೊಟ್ಟಿಗೆ ಕೂತಳು, ಆ ಎರಡು ಬೆರಳು ಸೊಟ್ಟಗೇ ಕೂಡಿಕೊಂಡವು.

ಬಸು ಈಗ ಅಂಬರನಾಥದಲ್ಲಿ ಯಂತ್ರ ನಡೆಸುತ್ತಾನೆ. ಎಡಗಿವಿ ಕೇಳುವುದಿಲ್ಲ. ಲೋಕಲ್ ಟ್ರೇನಿನಲ್ಲಿ ಒಟ್ಟಿಗೆ ಹೋದರೆ ನಾನು ಕೇಳದೆಯೇ ಅವನ ಬಲಕ್ಕೆ ನಿಲ್ಲುತ್ತೇನೆ. ಅಂದಿನ ಮೂರು ಪೆಟ್ಟಿನ ಬಗ್ಗೆ ಅವನು ಒಮ್ಮೆ ಮಾತ್ರ ಮಾತಾಡಿದ. ಹೊಡೆದಾಗ ಮೈ ಹಗುರಾಯಿತು ಅಕ್ಕಾ, ಅದಕ್ಕೇ ಮದುವೆಯೆಂದರೆ ಹೆದರಿಕೆ ಎಂದ. ಅವನಿಗೆ ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ.

ನಾನು ಘಣಸೋಲಿಯ ಒಂದು ಶಾಲೆಯಲ್ಲಿ ಮೂರನೆಯ ತರಗತಿಗೆ ಟೀಚರಾದೆ. ಹೊಸ ಸೆಕ್ಟರುಗಳಲ್ಲಿ ಕಟ್ಟಡ ಕಟ್ಟುವವರ ಮಕ್ಕಳು. ರಾಯಚೂರು, ಕಲಬುರಗಿ, ಸೊಲ್ಲಾಪುರದ ಕಡೆಯವರು. ಗುಣಾಕಾರ ಬಂದಾಗ ಪುಸ್ತಕ ಮುಚ್ಚಿಸಿ ಬೆರಳು ಬಿಚ್ಚಿಸುತ್ತೇನೆ, ನೆಲದ ಮೇಲೆ ಅದೇ ಕೌದಿ ಹಾಸುತ್ತೇನೆ. ಉಳಿದ ಟೀಚರುಗಳು ಒಳ್ಳೆಯ ಉಪಾಯ ಎನ್ನುತ್ತಾರೆ. ನಾನು ಪಾಠ ಮಾಡುವಾಗ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿರುವುದು ಯಾಕೆಂದು ಯಾರೂ ಕೇಳಿಲ್ಲ. ಒಂದು ದಿನ, ಬೆಳಗಿನಿಂದ ತಲೆ ಸಿಡಿಯುತ್ತಿತ್ತು, ರಾಯಚೂರಿನ ಕಡೆಯ ರೇಣುಕಾ ಎಂಬ ಹುಡುಗಿ ಏಳ ಎಂಟ್ಲೆಗೆ ಐದನೆಯ ಸಲ ತಪ್ಪು ಹೇಳಿದಳು. ನನಗೆ ಅರಿವಾಗುವ ಹೊತ್ತಿಗೆ ಅವಳ ಮೂಗು ನನ್ನ ಎಡಗೈಯಲ್ಲಿತ್ತು. ಬಲಗೈ ಬೆನ್ನ ಹಿಂದಿನಿಂದ ಬಂದು ಭುಜದ ಎತ್ತರಕ್ಕೆ ಏರಿತ್ತು. ಅವಳು ಕೂಗಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಕಣ್ಣು ಮುಚ್ಚಿ, ಮುಖವನ್ನು ಸ್ವಲ್ಪ ಮುಂದಕ್ಕೆ ಚಾಚಿದಳು. ಈ ರಿವಾಜು ಅವಳಿಗೆ ಗೊತ್ತಿತ್ತು.

ಮೂಗು ಬಿಟ್ಟೆ. ಅವಳ ಮುಂದೆ ಕೌದಿಯ ಮೇಲೆ ಮೊಣಕಾಲೂರಿ ಕೂತೆ. ನಿನ್ನ ಬೆರಳು ಬೇಡ, ನನ್ನದರಲ್ಲಿ ಎಣಿಸು ಎಂದು ಎರಡೂ ಕೈ ಅವಳ ಎದುರು ಹಿಡಿದೆ. ಅವಳು ಒಂದು ಕಣ್ಣು ತೆರೆದು, ಆಮೇಲೆ ಇನ್ನೊಂದನ್ನೂ ತೆರೆದು ನನ್ನನ್ನು ನೋಡಿದಳು. ನನ್ನ ಎಡಗೈಯಲ್ಲಿ ಎರಡು ಬೆರಳು ನಿಲ್ಲಿಸಿದಳು. ಬಲಗೈಗೆ ಬಂದು ಮೂರು ನಿಲ್ಲಿಸಲು ನೋಡಿದಳು, ಆಗಲಿಲ್ಲ. ಕೊನೆಗೆ ತನ್ನ ಪುಟ್ಟ ಎರಡೂ ಕೈಗಳಿಂದ ನನ್ನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಟೀಚರ್, ಕೈ ನಡಗಸಬ್ಯಾಡ್ರಿ. ಎಣಿಕಿ ತಪ್ತದ."